ಬೆನ್ನಿಗೆ ಎಟುಕದ ಅಂಗೈ

ನಾನು ಒಂದು ಹಾಳೆ. ಮೈಸೂರಿನ ಸಣ್ಣ ಮುದ್ರಣಾಲಯವೊಂದರಲ್ಲಿ ಹುಟ್ಟಿದೆ. ನನ್ನ ಮೇಲೆ ಬರಿಯ ಗೆರೆಯಲ್ಲಿ ಬರೆದ ಎರಡು ಮೈಗಳು: ಒಂದು ಎದುರಿನದು, ಒಂದು ಬೆನ್ನಿನದು. ಎರಡು ವರ್ಷ ಚರ್ಮವೈದ್ಯರ ಕಪಾಟಿನಲ್ಲಿ ಸುಮ್ಮನೆ ಮಲಗಿದ್ದೆ.

ಒಂದು ಬೆಳಿಗ್ಗೆ ಡಾಕ್ಟರ್ ಮಾಲಿನಿ ನನ್ನ ತಲೆಯ ಮೇಲೆ ‘ಮಂಗಳಗೌರಮ್ಮ, ೫೮’ ಎಂದು ಬರೆದರು. ಅಂದಿನಿಂದ ನಾನು ಆಕೆಯ ಮೈ.

ಆಕೆಯ ಸೊಂಟ, ತೊಡೆ, ಬೆನ್ನಿನ ಮೇಲೆ ಕೆಂಪು ಮಚ್ಚೆಗಳು. ಹುಳುಕಡ್ಡಿ ಎಂದುಕೊಂಡು ಒಂಬತ್ತು ವರ್ಷ ಮುಲಾಮು ಹಚ್ಚಿದ್ದರಂತೆ. ಅಂಟೀತೆಂದು ಮನೆಯಲ್ಲಿ ಯಾರೂ ಮುಟ್ಟುತ್ತಿರಲಿಲ್ಲ; ತಟ್ಟೆ ಬೇರೆ, ಚಾಪೆ ಬೇರೆ. ಏಕಾದಶಿಯ ಕಾವ್ಯವಾಚನವನ್ನೂ ಜಗಲಿಯಲ್ಲೇ ಕೂತು, ಕಿಟಕಿಗೆ ಕಿವಿಗೊಟ್ಟು ಕೇಳುತ್ತಿದ್ದರಂತೆ. ಚರ್ಮದ ಚೂರೊಂದನ್ನು ಪರೀಕ್ಷೆಗೆ ಕಳಿಸಿದ ಮೇಲೆ ತಿಳಿಯಿತು: ಅದು ಅಪರೂಪದ ಚರ್ಮದ ಲಿಂಫೋಮಾ, ಒಂದು ಬಗೆಯ ಕ್ಯಾನ್ಸರ್.

“ಎಷ್ಟನೇ ಹಂತ ಡಾಕ್ಟ್ರೇ? ನಾಲ್ಕನೇದಕ್ಕೆ ಇನ್ನೆಷ್ಟು ವರ್ಷ?”

“ಇದು ಮೆಟ್ಟಿಲಲ್ಲಮ್ಮ, ಹತ್ತಲೇಬೇಕು ಅಂತಿಲ್ಲ. ಬರೀ ಮಚ್ಚೆ ಇದ್ರೆ ಒಂದು. ಗಂಟು ಎದ್ರೆ ಎರಡು. ಮೈಯೆಲ್ಲ ಕೆಂಪಾದ್ರೆ ಮೂರು. ರಕ್ತಕ್ಕೋ ಒಳಗಿನ ಅಂಗಕ್ಕೋ ಇಳಿದ್ರೆ ನಾಲ್ಕು. ಎಷ್ಟೋ ಜನ ಒಂದರಲ್ಲೇ ಇದ್ದು ಬಾಳಿ ಬದುಕ್ತಾರೆ. ಮೊದಲು ಅಳೆಯೋಣ. ಬೆರಳೂ ಸೇರಿ ನಿಮ್ಮ ಒಂದು ಅಂಗೈ ಅಂದ್ರೆ ನಿಮ್ಮ ಮೈಯ ನೂರರಲ್ಲಿ ಒಂದು ಪಾಲು.”

ಮಂಗಳಗೌರಮ್ಮ ಸೊಂಟ, ತೊಡೆಗಳ ಮೇಲೆ ಅಂಗೈ ಇಟ್ಟು ಎಣಿಸಿದರು. ಐದು. ಡಾಕ್ಟರ್ ನನ್ನ ಮೇಲೆ ಕೆಂಪು ಪೆನ್ಸಿಲ್ ಆಡಿಸಿದರು. ಬೆನ್ನಿಗೆ ಮಾತ್ರ ಕೈ ಎಟುಕಲಿಲ್ಲ.

ಜೊತೆಗೆ ಬಂದಿದ್ದ ಓರಗಿತ್ತಿ ವನಜಾಕ್ಷಿ ಮೂಗಿಗೆ ಸೆರಗು ಹಿಡಿದು ಬಾಗಿಲಲ್ಲೇ ನಿಂತಿದ್ದಳು.

“ನಿಮ್ಮ ಕೈಯೂ ಇವರದಷ್ಟೇ ಇದೆ. ಬಂದು ಇಡಿ,” ಎಂದರು ಡಾಕ್ಟರ್.

“ಅಯ್ಯೋ, ನಾನಾ? ಅಂಟಿಕೊಂಡ್ರೆ?”

“ಅಂಟೋ ಕಾಯಿಲೆ ಅಲ್ಲ ಇದು.”

“ಬಿಡಿ ಡಾಕ್ಟ್ರೇ, ನನ್ನ ತಟ್ಟೇನೇ ಪೊರಕೆ ಕಡ್ಡೀಲಿ ತಳ್ಳೋ ಮಹಾರಾಯ್ತಿ ಅವಳು,” ಎಂದು ಮಂಗಳಗೌರಮ್ಮ ನಕ್ಕರು. ಆ ನಗು ಬೇಗ ಮುಗಿಯಿತು.

ವನಜಾಕ್ಷಿ ಬಂದಳು. ಸೆರಗು ಬಿಟ್ಟಳು. ಬೆನ್ನಿನ ಮೇಲೆ ಕೈ ಇಟ್ಟಳು.

“ಒಂದು... ಎರಡು... ನೋಯುತ್ತಾ ಅಕ್ಕ?”

“ಇಲ್ಲ ಕಣೆ. ನಿನ್ನ ಕೈ ತಣ್ಣಗಿದೆ.”

ಬೆನ್ನಿಗೆ ಮೂರು, ಒಟ್ಟು ಎಂಟು. ಹತ್ತಕ್ಕಿಂತ ಕಡಿಮೆ, ಹಾಗಾಗಿ ಒಂದನೇ ಹಂತದ ಮೊದಲ ಭಾಗ. ಸದ್ಯಕ್ಕೆ ಬೆಳಕಿನ ಚಿಕಿತ್ಸೆ ಸಾಕೆಂದರು ಡಾಕ್ಟರ್. ಎಣಿಕೆ ಮುಗಿದಿತ್ತು, ಕೈ ಮಾತ್ರ ಬೆನ್ನಿನ ಮೇಲೇ ಇತ್ತು. ಮಂಗಳಗೌರಮ್ಮ ಅತ್ತದ್ದು ಆಗ.

ಆಮೇಲೆ ಬಂದ ಹಾಳೆಗಳು ನನ್ನ ಮೇಲೆ ಮಲಗಿದವು. ಅವುಗಳಲ್ಲಿ ಕೆಂಪು ಐದಕ್ಕೆ ಇಳಿಯಿತು, ಎರಡಕ್ಕೆ ಇಳಿಯಿತು. ಆಸ್ಪತ್ರೆಗೆ ಕಂಪ್ಯೂಟರ್ ಬಂದ ಮೇಲೆ ನಮ್ಮನ್ನು ದಾರದಲ್ಲಿ ಕಟ್ಟಿ ದಾಖಲೆ ಕೋಣೆಗೆ ಹಾಕಿದರು. ಆಕೆ ಈಗ ಹೇಗಿದ್ದಾರೋ ನನಗೆ ಗೊತ್ತಿಲ್ಲ.

ಇಲ್ಲಿ ನನ್ನನ್ನು ಮುಟ್ಟುವವರಿಲ್ಲ. ಆಕೆಯ ಆ ಒಂಬತ್ತು ವರ್ಷ ಎಂದರೆ ಎಷ್ಟು ಉದ್ದ ಎಂಬುದು ನನಗೆ ಈಗ ತಿಳಿಯುತ್ತಿದೆ.