ಕರಿ ಕುದುರೆಯ ಹಗ್ಗ

ಮಡಿ ಪಂಚೆ ಹುಡುಕಲೆಂದು ಕಸ್ತೂರಮ್ಮ ಮಂಚದ ಕೆಳಗಿನ ಟ್ರಂಕನ್ನು ಎಳೆದು ಮುಚ್ಚಳ ಎತ್ತಿದರು. ಒಣಹುಲ್ಲು ಮತ್ತು ಹುರುಳಿಕಾಳಿನ ವಾಸನೆ ಮುಖಕ್ಕೆ ಬಂತು. ಅವರ ಕೈ ಅಲ್ಲೇ ನಿಂತಿತು.

ಅವರ ತವರುಮನೆ ಹರಿಹರದ ಸ್ಟೇಷನ್ ರಸ್ತೆಯಲ್ಲಿತ್ತು. ಎದುರಿಗೇ ಟಾಂಗಾಗಳು ನಿಲ್ಲುತ್ತಿದ್ದವು. ಸಂಜೆಯಾದರೆ ಟಾಂಗಾದವರು ಬೇಯಿಸಿದ ಹುರುಳಿಯನ್ನು ಚೀಲಕ್ಕೆ ತುಂಬಿ ಕುದುರೆಗಳ ಮೂತಿಗೆ ಕಟ್ಟುತ್ತಿದ್ದರು. ಕಿಟಕಿಯಿಂದ ಒಳಗೆ ಬರುತ್ತಿದ್ದ ಆ ವಾಸನೆಯಲ್ಲೇ ಹುಡುಗಿ ಕಸ್ತೂರಿಗೆ ನಿದ್ದೆ ಹತ್ತುತ್ತಿತ್ತು.

"ದೊಡ್ಡಮ್ಮ, ಪಂಚೆ ಸಿಕ್ತಾ? ಅಯ್ನೋರು ಬಂದು ಕುಂತಾರೆ." ಬಾಗಿಲಲ್ಲಿ ನಿಂತು ಕೇಳಿದವನು ಮೈದುನನ ಮಗ ಬಕ್ಕೇಶ್.

"ಇದು ಪಾರ್ಸಲ್ ಟ್ರಂಕಪ್ಪ. ಪಂಚೆ ಆ ಬೀರುವಿನಾಗೆ ಐತೇನೋ ನೋಡು."

ಹೊರಗೆ ನಡುಮನೆಯಲ್ಲಿ ತೀರಿಕೊಂಡ ಗಂಡ ಹಾಲೇಶಪ್ಪನವರನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಮಾಲೆ. ಅವರ ತಲೆಯ ಮೇಲೆ ಗಾಜಿನ ಕಪಾಟು, ಅದರ ತುಂಬ ಕುದುರೆ ಬೊಂಬೆಗಳು. ಕಂದು, ಬೂದು, ಬಿಳಿ, ಒಂದೇ ಒಂದು ಕರಿ. ಓಡುವವು, ಮೇಯುವವು, ಕಾಲೆತ್ತಿ ನಿಂತವು. ಸಾವಿನ ಮನೆಯಲ್ಲಿ ಬೊಂಬೆ ಕಾಣಬಾರದೆಂದು ಯಾರೋ ಕಪಾಟಿಗೆ ಹೊದಿಕೆ ಹಾಕಲು ಹೋದಾಗ ಪಕ್ಕದ ಮನೆಯ ಲತಾ ತಡೆದಳು.

"ಇರ್ಲಿ ಬಿಡ್ರಿ. ಅವೂ ಈ ಮನೇವೇ. ನೋಡ್ಲಿ."

"ಊರಾಗಿಲ್ಲದಷ್ಟು ಕುದುರೆ ಇಟ್ಕಂಡಿದ್ದ ಮನುಷ್ಯ, ಸೈಕಲ್ ಬಿಟ್ಟು ಬ್ಯಾರೆದ್ದು ಹತ್ತಲಿಲ್ಲ ನೋಡು" ಎಂದಳು ಒಬ್ಬ ಮುದುಕಿ. ಅಳುತ್ತಿದ್ದವರು ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು.

ದಾವಣಗೆರೆಯ ಹತ್ತಿ ಗಿರಣಿ ಮುಚ್ಚಿದ ಮೇಲೆ ಹಾಲೇಶಪ್ಪ ಹಿಡಿದ ಕೆಲಸ ಇದು. ಕಂಪನಿಯವರು ಇಂತಿಷ್ಟೇ ಎಂದು ಮಾಡಿ ಅಚ್ಚು ಒಡೆದುಬಿಡುವ ಲಿಮಿಟೆಡ್ ಎಡಿಷನ್ ಕುದುರೆಗಳ ವ್ಯಾಪಾರ. ಪ್ರತಿಯೊಂದರ ಗೊರಸಿನ ಕೆಳಗೆ ಅದರ ನಂಬರು. ಬಿಡುಗಡೆಯಾದಾಗ ಕೊಂಡು, ಸಿಗದಂತಾದ ಮೇಲೆ ಪುಣೆಯವರಿಗೋ ಕೊಚ್ಚಿಯವರಿಗೋ ಫೋನಿನಲ್ಲೇ ಮಾರುತ್ತಿದ್ದರು. ಪ್ಲಾಸ್ಟಿಕ್ ಸುತ್ತುತ್ತಿರಲಿಲ್ಲ. ಹುಲ್ಲಿನ ಹಾಸಿಗೆ ಮಾಡಿ, ಕುದುರೆಯನ್ನು ಮಲಗಿಸಿ, ಪಕ್ಕದಲ್ಲಿ ಒಂದು ಹಿಡಿ ಹುರುಳಿಕಾಳು ಇಟ್ಟು ಡಬ್ಬಿ ಮುಚ್ಚುತ್ತಿದ್ದರು.

"ದೂರದ ದಾರಿ, ಹಸಿದೀತು" ಎನ್ನುತ್ತಿದ್ದರು. ನಗದೇ ಹೇಳುತ್ತಿದ್ದರಿಂದ ಅದು ತಮಾಷೆಯೋ ಅಲ್ಲವೋ ಎಂದು ಕಸ್ತೂರಮ್ಮನಿಗೆ ಇಷ್ಟು ವರ್ಷವಾದರೂ ಗೊತ್ತಾಗಿರಲಿಲ್ಲ.

ಪಂಚೆ ಸಿಕ್ಕಿತು. ಅದನ್ನು ಅಯ್ಯನವರಿಗೆ ಕೊಟ್ಟು ಬಂದ ಬಕ್ಕೇಶ್ ದೊಡ್ಡಮ್ಮನನ್ನು ಅಡುಗೆಮನೆಗೆ ಕರೆದ.

"ಮಂಡಿಪೇಟೆ ಗಿಫ್ಟ್ ಅಂಗಡಿ ಕೊಟ್ಟೂರೇಶ್ ಬಂದಾರೆ. ಕಪಾಟಿಗೆ ಕಪಾಟೇ ತಗಂತಾರಂತೆ. ಆ ಕರೀದಕ್ಕಂತೂ ಒಳ್ಳೇ ರೇಟು ಹೇಳ್ತಾರೆ."

"ಇವತ್ತೇ ಕೇಳಿದ್ರಾ?"

"ಅವ್ರು ಕೇಳ್ಲಿಲ್ಲ. ನಾನೇ ಕೇಳ್ದೆ. ಇನ್ನು ಯಾರು ನೋಡ್ಕಂತಾರೆ ದೊಡ್ಡಮ್ಮ, ಸುಮ್ನೆ ಧೂಳು ಹಿಡೀತಾವೆ."

"ಉಳಿದವನ್ನ ಏನಾರ ಮಾಡು. ಕರೀದು ಬ್ಯಾಡ. ಅದು ದುರುಗಣ್ಣಂದು."

"ಯಾವ ದುರುಗಣ್ಣ? ಸಾರಥಿ ಹಳ್ಳಿಯಿಂದ ಹುಲ್ಲು ತಂದ್ಕೊಡ್ತಿದ್ನಲ್ಲ, ಅವ್ನಾ?"

"ಹ್ಞೂ. ಅವ್ನಿಗೆ ಸುದ್ದಿ ಮುಟ್ಟಿಸೀಯೇನು?"

ಬಕ್ಕೇಶ್ ಕತ್ತು ಕೆರೆದುಕೊಂಡ. "ಮುಂಜಾನೆ ಒಂದ್ಸಲ ಹಚ್ಚಿದ್ದೆ. ಫೋನು ಹತ್ತಲಿಲ್ಲ. ಹುಲ್ಲಿನವ್ನಿಗೆ ಆಮೇಲೆ ಹೇಳಿದ್ರಾತು ಅಂತ..."

"ನಿಮ್ಮ ದೊಡ್ಡಪ್ಪ ಮಾತು ಕೊಟ್ಟ ಕುದುರೆ ಅದು, ಬಕ್ಕೇಶ. ಅವ್ರನ್ನ ಮಣ್ಣಿಗಿಡೋದ್ರೊಳಗೆ ಅದು ಅವನ ಕೈ ಸೇರಬೇಕು. ಮಾತು ಬಾಕಿ ಇಟ್ಕಂಡು ಹೋಗ್ಬಾರ್ದು ಅವ್ರು."

* * *

ಕೆಲವು ವರ್ಷಗಳ ಹಿಂದೆ, ಒಂದು ಮಧ್ಯಾಹ್ನ. ಬಿಳಿ ಅಂಗಿ ತೊಟ್ಟ ಒಬ್ಬರು ಬಾಗಿಲಲ್ಲಿ ನಿಂತಿದ್ದರು. ಹೆಗಲ ಮೇಲೆ ಹೊಸ ಹಗ್ಗ.

"ಕುದುರೆ ಮಾರಾಕ ಐತಂತಲ್ರೀ. ಕರೀದು, ನಾಕೂ ಕಾಲು ಬಿಳಿ. ಪಕ್ಕದ ಮನೆ ಹುಡುಗ ಫೋನಿನಾಗೆ ತೋರಿಸ್ದ. ನಾನು ಸಾರಥಿಯವ್ನು, ದುರುಗಣ್ಣ ಅಂತ." ಕತ್ತು ಉದ್ದ ಮಾಡಿ ಮನೆಯೊಳಗೆ ನೋಡಿದರು. "ಹಿತ್ತಲದಾಗೆ ಕಟ್ಟೀರೇನು?"

ಕಸ್ತೂರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಹಾಲೇಶಪ್ಪ ಒಮ್ಮೆ ಅವರತ್ತ ನೋಡಿದರು. ನಗು ಅಲ್ಲೇ ನಿಂತಿತು.

ಹಾಲೇಶಪ್ಪ ಕಪಾಟಿನಿಂದ ಕರಿ ಕುದುರೆಯನ್ನು ತೆಗೆದು ದುರುಗಣ್ಣನ ಎದುರಿಗೆ ನೆಲದ ಮೇಲೆ ನಿಲ್ಲಿಸಿದರು.

"ಇದೇ ನೋಡ್ರಿ."

ದುರುಗಣ್ಣ ಕುದುರೆಯನ್ನು ನೋಡಿದರು, ಹಗ್ಗವನ್ನು ನೋಡಿದರು. "ಇಷ್ಟೇ ಐತೇನ್ರಿ?"

"ಇಷ್ಟೇ. ತಪ್ಪು ನಂದು. ಎತ್ತರ ಬರೀಬೇಕಿತ್ತು ನಾನು."

"ರೇಟು ನೋಡಿ ಕುಂಟು ಇರ್ಬೇಕು ಅಂದ್ಕಂಡಿದ್ದೆ ನೋಡ್ರಿ" ಎಂದರು ದುರುಗಣ್ಣ. "ಟೆಂಪೋದವ್ನಿಗೆ ಬ್ಯಾರೆ ಹೇಳಿ ಬಂದೀನಿ, ಅದಕ್ಕೆ ನಿಲ್ಲಾಕ ಜಾಗ ಬಿಡು ಅಂತ!" ಆಗ ಮೂವರೂ ನಕ್ಕರು. ಈಗ ನಗಬಹುದಿತ್ತು.

ಊಟಕ್ಕೆ ಕೂಡಿಸಿದರು. ದುರುಗಣ್ಣನ ತಂದೆ ಹರಿಹರ ಸ್ಟೇಷನ್ನಿನಲ್ಲಿ ಟಾಂಗಾ ಹೊಡೆಯುತ್ತಿದ್ದರಂತೆ. ಕುದುರೆ ಸತ್ತ ಮೇಲೆ ಟಾಂಗಾ ಮಾರಿ ಊರಿಗೆ ಬಂದು ಹೊಲ ಹಿಡಿದರಂತೆ. ಒಂದು ಕುದುರೆ ಕೊಂಡರೆ ಮದುವೆ ಮೆರವಣಿಗೆಗೆ ಬಾಡಿಗೆಗೂ ಆಯಿತು, ಅಪ್ಪನ ನೆನಪಿಗೂ ಆಯಿತು ಎಂಬ ಆಸೆ. ತಾನು ಕಿಟಕಿಯಿಂದ ನೋಡುತ್ತಿದ್ದ ಟಾಂಗಾಗಳಲ್ಲಿ ಒಂದು ಇವರ ತಂದೆಯದೇ ಇದ್ದರೂ ಇರಬಹುದು ಎಂದುಕೊಂಡು ಕಸ್ತೂರಮ್ಮ ಇನ್ನೊಂದು ಸೌಟು ಸಾರು ಬಡಿಸಿದರು.

ಹೊರಟಾಗ ಹಾಲೇಶಪ್ಪ ಹೇಳಿದರು: "ಹಗ್ಗ ಇಲ್ಲೇ ಬಿಟ್ಟೋಗ್ರಿ. ಇದನ್ನ ಇನ್ನು ಯಾರಿಗೂ ಮಾರಲ್ಲ. ನಿಮ್ಮ ಕುದುರೆ ಮನೆಗೆ ಬಂದ ದಿನ ಇದನ್ನೂ ಹೊಡ್ಕಂಡು ಹೋಗ್ರಿ. ಆಮೇಲೆ, ನಂಗೆ ಪ್ಯಾಕಿಂಗಿಗೆ ಹುಲ್ಲು, ಹುರುಳಿ ಬೇಕಾಗ್ತೈತಿ. ತಂದ್ಕೊಡ್ತೀರೇನು?"

ಅಂದಿನಿಂದ ಪಾರ್ಸಲ್ಲಿನ ಹುಲ್ಲು ಸಾರಥಿಯದಾಯಿತು. ಫೋನಿನ ಜಾಹೀರಾತುಗಳೆಲ್ಲ "ಒಂದು ಗೇಣು ಎತ್ತರದ ಬೊಂಬೆ" ಎಂದು ಶುರುವಾಗತೊಡಗಿದವು. ದುರುಗಣ್ಣ ಕುದುರೆಗೆಂದು ಕೂಡಿಟ್ಟದ್ದು ಮೊದಲು ಮಗಳ ನರ್ಸಿಂಗ್ ಓದಿಗೆ ಹೋಯಿತು, ಆಮೇಲೆ ಬೋರಿನ ಮೋಟರಿಗೆ. ಹುಲ್ಲು ಇಳಿಸಲು ಬಂದಾಗಲೆಲ್ಲ ಹಾಲೇಶಪ್ಪ ಕೇಳುತ್ತಿದ್ದರು:

"ಎಲ್ಲಿಗೆ ಬಂತು ದುರುಗಣ್ಣ, ನಿನ್ನ ಕುದುರೆ?"

"ದಾರ್ಯಾಗೈತ್ರಿ ಯಜಮಾನ್ರೇ."

* * *

ಕೊಟ್ಟೂರೇಶ್ ಅಡುಗೆಮನೆಯ ಬಾಗಿಲಿಗೇ ಬಂದು ನಿಂತಿದ್ದರು. ಕೈಯಲ್ಲಿ ಕಾರಿನ ಕೀಲಿ.

"ಕೇಳಿಸ್ತಮ್ಮ. ಆ ಕರೀದಕ್ಕೆ ನಾನು ಮೂರು ಸಲ ಬಂದಿದ್ದೆ. ಮೂರೂ ಸಲ ಚಾ ಕುಡಿಸಿ ಕಳಿಸ್ಯಾರೆ. ಯಾರಿಗಿಟ್ಟೀನಿ ಅಂತ ಮಾತ್ರ ಬಾಯಿ ಬಿಡ್ಲಿಲ್ಲ ಹಾಲೇಶಣ್ಣ." ಅವರು ಕಪಾಟಿನ ಕಡೆ ಒಮ್ಮೆ ನೋಡಿ, ಕೀಲಿಯನ್ನು ಅಂಗೈಯಲ್ಲಿ ತಿರುಗಿಸಿದರು. "ಸಾರಥಿ ಏನ್ ಮಹಾ ದೂರ? ನೀವು ನಿಮ್ಮೂರು ಭಾನುವಳ್ಳಿಗೆ ನಡೀರಿ. ನಾನು ಅವ್ರನ್ನ ಕರ್ಕಂಡು ಸೀದಾ ಹೊಲಕ್ಕೇ ಬರ್ತೀನಿ."

"ನಿಮಗ್ಯಾಕ ತೊಂದ್ರೆ..."

"ಮೂರು ಚಾದ ಋಣ ಐತಮ್ಮ" ಎಂದು ಅವರು ಹೊರಟೇಬಿಟ್ಟರು.

ವ್ಯಾನು ಹೊರಡುವ ಹೊತ್ತಿಗೆ ಬಕ್ಕೇಶ್ ಕಪಾಟು ತೆರೆದು, ಟ್ರಂಕಿನ ಹುಲ್ಲು ತಂದು, ದೊಡ್ಡಪ್ಪ ಮಾಡುತ್ತಿದ್ದಂತೆಯೇ ಹಾಸಿ, ಕರಿ ಕುದುರೆಯನ್ನು ಡಬ್ಬಿಯಲ್ಲಿ ಮಲಗಿಸಿದ. ಮುಚ್ಚುವ ಮುನ್ನ ಒಂದು ಹಿಡಿ ಹುರುಳಿ ಹಾಕಿದ. ಮೊಳೆಗೆ ತೂಗುತ್ತಿದ್ದ ಹಗ್ಗವನ್ನು ಅದರ ಮೇಲೆ ಸುತ್ತಿ ದೊಡ್ಡಮ್ಮನ ಮಡಿಲಲ್ಲಿಟ್ಟ. ಅವರು ಅವನ ಕೈಯನ್ನು ಒಂದು ಗಳಿಗೆ ಹಿಡಿದುಕೊಂಡು ಬಿಟ್ಟರು.

ವ್ಯಾನು ದಾವಣಗೆರೆ ದಾಟಿತು, ಹರಿಹರ ಬಂತು. ಸ್ಟೇಷನ್ ರಸ್ತೆಯ ತಿರುವಿನಲ್ಲಿ ಆಟೋಗಳು ಸಾಲಾಗಿ ನಿಂತಿದ್ದವು. ಕಸ್ತೂರಮ್ಮ ಡಬ್ಬಿಯನ್ನು ಎದೆಗೆ ಒತ್ತಿಕೊಂಡರು.

ಭಾನುವಳ್ಳಿಯ ಹೊಲದಲ್ಲಿ, ಅತ್ತೆ ಮಾವಂದಿರ ಗದ್ದುಗೆಯ ಪಕ್ಕದಲ್ಲೇ ಕುಣಿ ತೋಡಿದ್ದರು. ಪತ್ರೆ, ವಿಭೂತಿ ಎಲ್ಲ ಸಿದ್ಧವಿತ್ತು. ಹಾಲೇಶಪ್ಪನವರನ್ನು ಒಳಗೆ ಕೂಡಿಸಿದರು. ಅಯ್ಯನವರ ಮಂತ್ರ ಮುಗಿಯಿತು. ಕಾಲುವೆಯ ಏರಿಯ ಮೇಲೆ ಯಾವ ಕಾರೂ ಕಾಣಲಿಲ್ಲ.

"ಮಣ್ಣು ಹಾಕ್ರಿ. ಹೊತ್ತು ಮೀರ್ತೈತೆ" ಎಂದರು ಅಯ್ಯನವರು.

ಕಸ್ತೂರಮ್ಮ ಬಾಯಿ ತೆರೆಯುವ ಮೊದಲೇ ಬಕ್ಕೇಶ್ ಹೇಳಿದ: "ಸ್ವಲ್ಪ ತಡೀರಿ ಅಯ್ನೋರೆ. ನಮ್ಮೋರೊಬ್ರು ಬರಬೇಕು."

ನೆಂಟರು ಮುಖ ಮುಖ ನೋಡಿಕೊಂಡರು. ಯಾರೋ ಗೊಣಗಿದರು. ಬಿಸಿಲಲ್ಲಿ ಎಲ್ಲರೂ ನಿಂತೇ ಇದ್ದರು. ಕೊನೆಗೆ ಏರಿಯ ಮೇಲೆ ಧೂಳೆದ್ದಿತು.

ದುರುಗಣ್ಣ ಗದ್ದೆಯಿಂದಲೇ ಎದ್ದು ಬಂದಿದ್ದರು. ಮೊಣಕಾಲಿನವರೆಗೆ ಕೆಸರು ಒಣಗಿತ್ತು. ಅವರು ಬದುವಿನ ಆಚೆಯೇ ನಿಂತುಬಿಟ್ಟರು.

"ಮುಂದೆ ಬರ್ರಿ ದುರುಗಣ್ಣ" ಎಂದು ಬಕ್ಕೇಶ್ ಹೋಗಿ ಅವರ ಕೈ ಹಿಡಿದು ಕರೆತಂದ.

ಕಸ್ತೂರಮ್ಮ ಡಬ್ಬಿ ಚಾಚಿದರು. ದುರುಗಣ್ಣ ಹಿಂದೆ ಸರಿದರು.

"ನಂದಿನ್ನೂ ದಾರ್ಯಾಗೈತಲ್ರೀ ಅಮ್ಮ. ಬಂದಿಲ್ಲ. ಹೆಂಗ್ ತಗಳ್ಲಿ?"

"ಇದು ಮುಂದೆ ಹೋಗಿ ಅದಕ್ಕೆ ಕಾಯ್ಲಿ. ಒಂದಕ್ಕೊಂದು ಜತೆ ಆಗ್ತೈತಿ. ತಗಳಪ್ಪ."

ದುರುಗಣ್ಣ ಹಗ್ಗ ಬಿಚ್ಚಿ ಹೆಗಲಿಗೆ ಹಾಕಿಕೊಂಡರು. ಕುದುರೆಯನ್ನು ಹೊರತೆಗೆದು, ಹುಲ್ಲು ಕೊಡವಿ, ಕುಣಿಯ ಅಂಚಿನ ಹಸಿ ಮಣ್ಣಿನ ಮೇಲೆ ಹಾಲೇಶಪ್ಪನವರ ಕಡೆಗೆ ಮುಖ ಮಾಡಿ ನಿಲ್ಲಿಸಿದರು.

"ಹೊಡ್ಕಂಡು ಹೋಗ್ತೀನ್ರಿ ಯಜಮಾನ್ರೇ" ಎಂದರು. ಮತ್ತೆ ಅದನ್ನು ಎತ್ತಿಕೊಂಡು, ಇನ್ನೊಂದು ಕೈಯಿಂದ ಮೊದಲ ಹಿಡಿ ಮಣ್ಣು ಹಾಕಿದರು. ಯಾರೂ ಬೇಡವೆನ್ನಲಿಲ್ಲ.

ಎಲ್ಲ ಮುಗಿದು ಜನ ಕಾಲುವೆಯ ಕಡೆ ಕೈಕಾಲು ತೊಳೆಯಲು ನಡೆದರು. ಕಸ್ತೂರಮ್ಮ ಬೇವಿನ ಮರದ ಕೆಳಗೆ ಕೂತರು. ನಿನ್ನೆ ಸಂಜೆಯಿಂದ ಹೊಟ್ಟೆಗೆ ನೀರು ಬಿಟ್ಟು ಬೇರೇನೂ ಬಿದ್ದಿರಲಿಲ್ಲ. ಅದು ಅವರಿಗೂ ನೆನಪಿರಲಿಲ್ಲ.

ಕೊಟ್ಟೂರೇಶ್ ಬಕ್ಕೇಶನಿಗೆ ಮೆಲ್ಲಗೆ ಹೇಳುತ್ತಿದ್ದರು: "ಬ್ಯಾಗ ಬರ್ತಿದ್ವಿ. ಸುದ್ದಿ ಕೇಳಿದ ಕೂಡ್ಲೇ ಅವ್ರ ಮನೆಯವ್ರು ಗಿರಿಯಮ್ಮ, 'ಒಂದು ಗಳಿಗೆ ತಡೀರಿ, ಒಲೆ ಮ್ಯಾಲೆ ಐತೆ' ಅಂತ ನಿಲ್ಲಿಸಿಬಿಟ್ರು."

ದುರುಗಣ್ಣ ಕಾರಿನಿಂದ ಒಂದು ಬುತ್ತಿಗಂಟು ತಂದರು. ಕಸ್ತೂರಮ್ಮನ ಎದುರಿಗೆ ಕುಕ್ಕರಗಾಲಲ್ಲಿ ಕೂತು, ಕರಿ ಕುದುರೆಯನ್ನು ಪಕ್ಕದ ಹುಲ್ಲಿನಲ್ಲಿ ನಿಲ್ಲಿಸಿ, ಗಂಟು ಬಿಚ್ಚಿದರು. ಜೋಳದ ರೊಟ್ಟಿ, ಒಂದು ಸ್ಟೀಲ್ ಡಬ್ಬಿ. ಮುಚ್ಚಳ ತೆಗೆದಾಗ ಹುರುಳಿಸಾರಿನ ಹಬೆ ಎದ್ದಿತು. ಬಕ್ಕೇಶ್ ದೊಡ್ಡಮ್ಮನ ಕೈಗೆ ನೀರು ಹಾಕಿದ. ದುರುಗಣ್ಣ ರೊಟ್ಟಿ ಮುರಿದು ಡಬ್ಬಿಯ ಮುಚ್ಚಳದಲ್ಲಿಟ್ಟು, ಮೇಲೆ ಸಾರು ಹಾಕಿ, ಎರಡೂ ಕೈಯಲ್ಲಿ ಹಿಡಿದು ಅವರ ಮುಂದೆ ಚಾಚಿದರು.