ಕಾಜಲ್‌ಳ ದವಡೆಹಲ್ಲು

ಕುಲಗೋಡದ ಶಂಕ್ರವ್ವನಿಗೆ ಬ್ರಶ್ ಹಿಡಿದವರನ್ನು ಕಂಡರೆ ತಾತ್ಸಾರ. ಬೆಳಿಗ್ಗೆ ಕಟ್ಟೆಯ ಮೇಲೆ ಕೂತು, ಸುಟ್ಟ ತಂಬಾಕಿನ ಮಿಶ್ರಿಯನ್ನು ಬೆರಳಿನಿಂದ ಹಲ್ಲಿಗೆ ತಿಕ್ಕುತ್ತ, ಸೊಸೆಗೆ ಕೇಳುವಂತೆಯೇ ಅನ್ನುತ್ತಿದ್ದಳು: "ಬಾಯಾಗ ಕಸಬರಿಗಿ ಆಡಸ್ತಾರ ನೋಡು, ಬಾಗೇವಾಡಿ ಮಂದಿ!"

ಬೆಲ್ಲದ ಬಾಗೇವಾಡಿಯಿಂದ ಬಂದ ಸೊಸೆ ಶೈಲಾ ಮಾಡುವ ರೊಟ್ಟಿಯೂ ಅವಳ ಕಣ್ಣಿಗೆ ಕಸವೇ. "ಅರಿವಿಯಂಗ ಮೆತ್ತಗ! ಕಡಕ್ ರೊಟ್ಟಿ ಮಾಡಾಕ ನಿಮ್ಮವ್ವ ಕಲಿಸಲಿಲ್ಲೇನ?"

ಶೈಲಾ ಸಾರು ಬಡಿಸುತ್ತಿದ್ದಳು.

ಒಂದು ದಿನ ಅವಳು ಮಗಳು ಕಾಜಲ್‌ಳನ್ನು ಗೋಕಾಕದ ಹಲ್ಲಿನ ಡಾಕ್ಟರಿಗೆ ತೋರಿಸಿಕೊಂಡು ಸಂಜೆಯ ಬಸ್ಸಿಗೆ ಬಂದಳು.

"ಅತ್ತಿ, ಹಿಂದಿನ ದವಡಿ ಹಲ್ಲಿಗೆ ಹುಳುಕ ಹತ್ತಾಕತ್ತೈತ್ರಿ. ಈಗ ಕಾಳಜಿ ಮಾಡಿದ್ರ ಉಳೀತೈತಂತ. ರಾತ್ರಿ ಹಲ್ಲ ತಿಕ್ಕಿದ ಮ್ಯಾಲೆ ಬೆಲ್ಲ ಕೊಡಬ್ಯಾಡ್ರಿ."

ಮಲಗುವ ಮುಂಚೆ ಮೊಮ್ಮಗಳ ದವಡೆಗೆ ಬೆಲ್ಲದ ಚೂರು ಇಡುವುದು ಶಂಕ್ರವ್ವನ ಪದ್ಧತಿ.

"ಹಾಲಹಲ್ಲ ಹೆಂಗೂ ಬೀಳ್ತೈತಿ. ಅದಕ್ಕೊಬ್ಬ ಡಾಕ್ಟರ ಬ್ಯಾರೆ!"

"ಹಾಲಹಲ್ಲಲ್ರಿ ಅದು. ಯಾವ ಹಲ್ಲೂ ಬೀಳಲಾರದನ, ಹಿಂದ ಹೊಸದಾಗಿ ಹುಟ್ಟೇತಿ. ಹೋದ್ರ ಮತ್ತ ಬರಂಗಿಲ್ಲ."

"ಅಂವ ಹೇಳಿದ, ನೀ ನಂಬಿದಿ." ಶಂಕ್ರವ್ವ ಮೂತಿ ತಿರುವಿದಳು.

ದಿನಾ ಮೊದಲೇ ಒಬ್ಬಳೇ ಉಣ್ಣುತ್ತಿದ್ದವಳು, ಬಸ್ಸು ತಡವಾದ್ದರಿಂದ ಅಂದು ಮೊಮ್ಮಗಳ ಜೊತೆಗೇ ಕೂತಳು. ಕಾಜಲ್ ರೊಟ್ಟಿ ಮುರಿದರೆ ಕಟಕ್ಕನೆ ಸಪ್ಪಳ.

"ಇದ್ಯಾವ ರೊಟ್ಟಿ ಬೇ?"

"ನಮ್ಮ ರೊಟ್ಟಿ. ನಿಂದ ಬ್ಯಾರೆ, ಅಜ್ಜಿ. ಅವ್ವ ಬಿಸಿನೀರ ಚಿಮುಕಿಸಿ ಅರಿವ್ಯಾಗ ಸುತ್ತಿ ಇಡ್ತಾಳ. ನಿನಗ ಹಿಂದ ಹಲ್ಲ ಇಲ್ಲಲ್ಲ. ಹೇಳಬ್ಯಾಡ ಅಂದಾಳ."

"ಕಾಜಲ್!" ಶೈಲಾ ಗದರಿಸಿದಳು.

ಶಂಕ್ರವ್ವ ಮಿಶ್ರಿಯಿಂದ ಕಪ್ಪಾದ ಮುಂದಿನ ಹಲ್ಲುಗಳಿಂದ ಮೆತ್ತನೆಯ ರೊಟ್ಟಿಯನ್ನು ನಿಧಾನ ಅಗಿದಳು.

ಹಲ್ಲು ತಿಕ್ಕಿ ಬಂದ ಕಾಜಲ್ ವಾಡಿಕೆಯಂತೆ ಅಜ್ಜಿಯ ಮುಂದೆ ಬಾಯಿ ತೆರೆದು ನಿಂತಳು. ಬೆಲ್ಲ ಹಿಡಿದ ಕೈ ತುಟಿಯವರೆಗೂ ಹೋಯಿತು. ಶಂಕ್ರವ್ವ ಬಗ್ಗಿ ಒಳಗೆ ನೋಡಿದಳು. ಬೆಳ್ಳಗಿನ ಹೊಸ ಹಲ್ಲಿನ ನಡುವೆ ಎಳ್ಳಿನಷ್ಟು ಕಪ್ಪು. ಬೆಲ್ಲವನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು.

"ನೀರ ಕುಡದ ಮಲ್ಕೊ, ಹೋಗ."

ಆಮೇಲೆ ಸೊಸೆಯ ಕಡೆ ನೋಡದೆ ಅಂದಳು: "ನಾಳಿಂದ ಆ ಕಸಬರಿಗಿ ಹಿಂದಿನ ಮೂಲಿತನಕ ಆಡಸು. ಬಾಗೇವಾಡಿ ಮಂದಿ, ಕಸಾ ಹೊಡಿಯೂದೂ ಬರೇ ಮುಂದಿನ ಪಡಸಾಲಿದಷ್ಟ!"