ಡಿಂಪ್ನಾ ಬಾಗಿಲಿಗೆ ಬರೆದ ಮೇವಿನ ಲೆಕ್ಕ

ನಮ್ಮ ಹದಿನೈದು ಹೋರಿಗಳ ಕೊಂಬಿನಾಣೆ — ಅವಕ್ಕೆ ಕೊಂಬಿಲ್ಲ, ಕರುವಾಗಿದ್ದಾಗಲೇ ಸುಟ್ಟದ್ದು, ಆದರೂ ಆಣೆ ಆಣೆಯೇ — ಇದರಲ್ಲಿ ಒಂದು ಮಾತೂ ಸುಳ್ಳಲ್ಲ, ಕೊಟ್ಟಿಗೆಯ ಬಾಗಿಲ ಮೇಲಿನ ಸೀಮೆಸುಣ್ಣ ಇವತ್ತು ಇನ್ನಷ್ಟು ತೆಳುವಾಗಿದೆ, ಬಾರ್ಲಿ ಎರಡೂವರೆ, ಬೀಟ್ ಹಿಂಡಿ ಒಂದು, ಹುದುಗಿಸಿದ ಹುಲ್ಲಿನ ರಸಮೇವು ಇಪ್ಪತ್ತೇಳು, ಎಲ್ಲ ಕಿಲೋದಲ್ಲಿ, ದಿನಕ್ಕೆ, ತಲೆಗಿಷ್ಟು, ನನ್ನ ಹೆಂಡತಿ ಡಿಂಪ್ನಾ ಅಕ್ಟೋಬರಿನಲ್ಲಿ ಬರೆದದ್ದು, ಏಳರ ಸೊಂಟಕ್ಕೊಂದು ಅಡ್ಡಗೆರೆ ಎಳೆದು, ಬರೆದ ಹನ್ನೊಂದನೇ ದಿನಕ್ಕೆ ಅವಳನ್ನೇ ಮಣ್ಣು ಮಾಡಿ ಬಂದೆವು, ಬಂದವನು ಕರಿ ಕೋಟನ್ನೂ ಬಿಚ್ಚದೆ ಬಾಗಿಲು ನೋಡಿ ನೋಡಿ ಮೇವು ಹಾಕಿದೆ, ಈಗ ಫೆಬ್ರವರಿ, ಇನ್ನೂ ಅದೇ ಎರಡೂವರೆ, ಅದೇ ಒಂದು, ಅದೇ ಇಪ್ಪತ್ತೇಳು. ಹೋರಿ ಬೆಳೀತದೆ, ಲೆಕ್ಕ ಬೆಳೀಬೇಡ್ವೇನೋ ಅನ್ನುತ್ತಿದ್ದಳು, ಮೂರು ವಾರಕ್ಕೊಮ್ಮೆ ತೂಗಿ, ರಸಮೇವನ್ನು ಮುಷ್ಟಿಯಲ್ಲಿ ಹಿಂಡಿ, ಮೂಸಿ, ಹಳೆಯದನ್ನು ಮೊಣಕೈಯಿಂದ ಒರೆಸಿ ಹೊಸದು ಬರೆಯುವಳು, ಬಾರ್ಲಿ ಒಂದೇ ಸಲ ಸುರೀಬೇಡ, ಹೊಟ್ಟೆ ಹುಳಿಯಾಗ್ತದೆ, ಅಗ್ಗದಲ್ಲಿ ಸಾಕೋದು ಅಂದ್ರೆ ಕಮ್ಮಿ ಹಾಕೋದಲ್ಲ ಕಣೋ — ಕಾಗದವೂ ದಂಡ ಅವಳಿಗೆ, ಎಲ್ಲವನ್ನೂ ಬಾಗಿಲಿಗೇ ಬರೆದಳು, ಮನೆಯಲ್ಲಿ ಹುಡುಕಿದರೆ ಅವಳ ಕೈಬರಹ ಒಂದು ಚೂರೂ ಇಲ್ಲ.

ಕೋಲಮ್ ಬಂದ, ಅವಳ ತಮ್ಮ, ಬೂಟಿನಲ್ಲಿ ಇಡೀ ರಾಸ್ಕಾಮನ್ ಜಿಲ್ಲೆಯ ಕೆಸರು ಹೊತ್ತು, ಸರಳಿನೊಳಗೆ ಕೈ ಹಾಕಿ ಕೆಂದ ಹೋರಿಯ ಬಾಲದ ಬುಡ ಹಿಸುಕಿದ, ಕೊಬ್ಬು ಕೂತಿದೆಯೋ ಅಂತ ನಾವೆಲ್ಲ ನೋಡುವುದು ಅಲ್ಲೇ, ಭಾವ, ಇದೇನು ಹೋರಿನೋ ಬೇಲಿ ಗೂಟನೋ, ಬರೀ ಮೂಳೆ, ಏಪ್ರಿಲ್‌ಗೆ ಮೂವತ್ತು ತಿಂಗಳು ತುಂಬ್ತದೆ, ಆಮೇಲೆ ಮಾಂಸದ ಕಾರ್ಖಾನೆಯವರು ಬೆಲೆ ಮುರೀತಾರೆ, ಹದಿನೈದಕ್ಕೂ, ಕ್ರಿಸ್ಮಸ್‌ಗೇ ಬಾರ್ಲಿ ಐದಾಗ್ಬೇಕಿತ್ತು. ನಾನು ಹೇಳಿದೆ, ನಮ್ಮಜ್ಜನ ಹೋರಿಯೊಂದು ಪಾದ್ರಿಯ ಟೋಪಿ ತಿಂದಿತ್ತು, ಆಮೇಲೆ ಶುಕ್ರವಾರ ಬಾರ್ಲಿ ಮುಟ್ತಿರ್ಲಿಲ್ಲ, ಇವೂ ಅದೇ ವಂಶ. ಭಾವ. ನಿಜ ಕಣೋ, ಈಸ್ಟರ್ ಉಪವಾಸ ಪೂರ್ತಿ ಬರೀ ನೀರಲ್ಲೇ. ಭಾವ, ಅದನ್ನ ಒರೆಸು.

ಒರೆಸು ಅಂದ, ಅಷ್ಟೇ, ನೀನು ಒರೆಸಲ್ಲ ಅಂದ್ರೆ ನಾನು ಅಂದ, ಒದ್ದೆ ಗೋಣಿ ಎತ್ತಿಕೊಂಡ, ಬಾರ್ಲಿ ಹೋಯಿತು, ಒಂದೇ ಸಲ ಒರೆಸಿದ್ದಕ್ಕೆ, ಅಷ್ಟು ಸುಲಭವಾಗಿ, ಬೀಟ್ ಹೋಯಿತು, ಕೆಳಗಿನ ಹಸಿರು ಬಣ್ಣ ನಾಚಿಕೆಯಿಲ್ಲದೆ ಹೊಳೆಯಿತು, ಇಪ್ಪತ್ತೇಳರ ಎರಡು ಹೋಯಿತು, ಏಳರ ಹತ್ತಿರ ಕೈ ನಿಂತಿತು. ಈ ಗೆರೆಗೆ ಇಸ್ಕೂಲಲ್ಲಿ ಮೇಷ್ಟ್ರು ಕೈ ಮೇಲೆ ಹೊಡೀತಿದ್ರು, ಅಂದ, ಅಕ್ಕ ಬಿಡ್ಲೇ ಇಲ್ಲ. ಅವನ ಮುಖ ನೋಡಲಾರದೆ ನಾನು ಬಾಯಿಗೆ ಬಂದದ್ದು ಶುರುಮಾಡಿದೆ, ಕೇಳಿಲ್ಲಿ, ಒಂದ್ಸಲ ಒಂದು ಹೋರಿ ಇದೇ ಬಾಗಿಲಿಗೆ ನಾಲಿಗೆ ಹಾಕಿ ಲೆಕ್ಕ ಪೂರ್ತಿ ನೆಕ್ಕಿಬಿಡ್ತು, ಬೆಳಿಗ್ಗೆ ನಿಮ್ಮಕ್ಕ ಬಂದು ನೋಡ್ತಾಳೆ, ಹೋರಿ ತಾನೇ — ಗೋಣಿಯನ್ನು ನನ್ನ ಕೈಗೆ ತುರುಕಿ ಹೊರಟೇಹೋದ, ಅಂಗಳದಲ್ಲಿ ಬೆನ್ನು ಮಾಡಿ ನಿಂತಿದ್ದಾನೆ, ಭುಜ ಅಲುಗುತ್ತಿದೆ, ಹೋರಿಗಳು ಸರಳಿಗೆ ತಲೆ ಬಡಿಯುತ್ತಿವೆ, ಅವಕ್ಕೇನು ಗೊತ್ತು, ಹಸಿವು, ಬಾರ್ಲಿ ಮೂರು ಅಂತ ಬರೆದೆ, ನನ್ನ ಸೊಟ್ಟ ಅಕ್ಷರದಲ್ಲಿ, ನಾಲ್ಕು ದಿನ ಬಿಟ್ಟು ಮೂರೂವರೆ, ನಿಧಾನ, ಹೊಟ್ಟೆ ಹುಳಿಯಾಗದ ಹಾಗೆ, ಬೀಟ್ ಒಂದೂವರೆ, ಬಾರ್ಲಿ ಹೆಚ್ಚಿದ ಮೇಲೆ ರಸಮೇವು ಇಪ್ಪತ್ತನಾಲ್ಕು ಸಾಕು, ಎರಡು ಬರೆದೆ, ಪಕ್ಕದಲ್ಲಿ ನಾಲ್ಕು ಬರೆಯಬೇಕು, ಜಾಗವಿಲ್ಲ, ಅಲ್ಲಿ ಏಳು ನಿಂತಿದೆ, ಗೋಣಿ ಕೈಯಲ್ಲಿದೆ, ನೀರು ತೊಟ್ಟಿಕ್ಕುತ್ತಿದೆ, ಏಳು, ಸೊಂಟಕ್ಕೊಂದು ಗೆರೆ, ಏಳು